ಶೃಂಗೇರಿಗೆ ಹೋಗಿಬಂದ ಚಿನ್ನದ ಮೀನು

ಶೃಂಗೇರಿಗೆ ನಾವು ಹೋದದ್ದು ಇದೇ ಮೊದಲಲ್ಲ. ಬಾಲ್ಯದಲ್ಲಿ ತಂದೆಯವರೊಡನೆ ಒಂದು ಸಲ, ವಿದ್ಯಾರ್ಥಿದೆಶೆಯಲ್ಲಿ ಒಂದು ಸಲ, ಮಗನ ಅಕ್ಷರಾಭ್ಯಾಸಕ್ಕೆಂದು ಒಂದು ಸಲ ಹೋಗಿದ್ದೆವು. ಆ ಪ್ರಯಾಣಗಳನ್ನು ಕುರಿತು ಬರೆಯಬೇಕೆಂದು ಎಂದೂ ತೋರಲಿಲ್ಲ. ಎಲ್ಲರೂ ನೋಡುವುದನ್ನೇ ನೋಡಿ, ಎಲ್ಲರೂ ಮಾಡುವ ನಮಸ್ಕಾರವನ್ನೇ ಮಾಡಿ ಹಿಂದಿರುಗಿದ್ದೆವು. ಕಳೆದ ಮಾರ್ಗಶಿರದ ಪ್ರಯಾಣವು ಮಾತ್ರ ಬೇರೆಯ ಬಗೆಯದು. ಶಿವಮೊಗ್ಗೆಯಿಂದ ಹೊರಟ ಜೀವಗಳು ನಾಲ್ಕು: ನಾವು, ನಮ್ಮ ಮನೆಯವರು, ಎಂಟು ವರ್ಷದ ಮೊಮ್ಮಗಳು, ಮತ್ತು ಮುಚ್ಚಳಕ್ಕೆ ತೂತು ಕೊರೆದ ಬಕೀಟಿನೊಳಗೆ ಮೈತುಂಬ ಬಿಳಿಯ ಚುಕ್ಕೆಗಳೆದ್ದು ಸೊರಗಿಹೋಗಿದ್ದ ಒಂದು ಚಿನ್ನದ ಮೀನು.

ಪೇಟೆಯಲ್ಲಿ ಗೋಲ್ಡ್‌ಫಿಶ್ ಎಂದು ಮಾರುವ ಈ ಮೀನನ್ನು ವಾಚಕರಲ್ಲಿ ಬಹುಮಂದಿ ಕಂಡಿರಬಹುದು. ಇದರ ಪೂರ್ವಜರು ಚೀನಾದೇಶದ ಕೆರೆಕೊಳಗಳಲ್ಲಿದ್ದ ಮಾಸಲು ಬಣ್ಣದ ಸಾಧಾರಣ ಮೀನುಗಳು. ಅವುಗಳಲ್ಲಿ ಎಲ್ಲೋ ಒಂದೊಂದು ಹೊಂಬಣ್ಣ ತಾಳಿ ಹುಟ್ಟಲು, ಆ ಜನರು ಅಂಥವನ್ನೇ ಆರಿಸಿ ಸಾಕಿ, ಸುಮಾರು ಸಾವಿರ ವರ್ಷಗಳಲ್ಲಿ ಇಬ್ಬಾಲದವು, ಉರುಟು ಮೈಯವು, ಉಬ್ಬುಗಣ್ಣಿನವು ಎಂದು ನಾನಾ ಜಾತಿಗಳನ್ನು ಮಾಡಿದರು. ವಿಜಯದಶಮಿಯ ದಿನ ಮೊಮ್ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ನಾವು ಇಂಥ ನಾಲ್ಕು ಮೀನುಗಳನ್ನೂ, ಒಂದೂವರೆ ಅಡಿ ಉದ್ದದ ಗಾಜಿನ ತೊಟ್ಟಿಯೊಂದನ್ನೂ ಕೊಂಡು ತಂದೆವು. ನಾಮಕರಣವು ನಮ್ಮ ಪಾಲಿಗೆ ಬಂದಿತು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಇದೇನು ಕಷ್ಟ? ಹೇಮ, ಕನಕ, ಹಾಟಕ, ಕಾಂಚನ ಎಂದು ಇಟ್ಟೆವು.

ನಾವು ಮಡಿವಂತರೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನೀರು ಎಂದರೆ ತಿಳಿಯಾಗಿರಬೇಕು, ಪಾತ್ರೆ ಎಂದರೆ ಬೆಳಗಿರಬೇಕು. ಹಾಗೆಂದು ಪ್ರತಿ ಭಾನುವಾರವೂ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಗಾಜನ್ನು ಉಜ್ಜಿ, ಮರಳನ್ನು ಏಳು ಸಲ ತೊಳೆದು, ನೀರು ಸೋಸುವ ಯಂತ್ರದ ಸ್ಪಂಜನ್ನು ಬಿಸಿನೀರಿನಲ್ಲಿ ಹಿಂಡಿ, ನಲ್ಲಿಯಿಂದ ಆಗತಾನೆ ಹಿಡಿದ ನೀರನ್ನು ತುಂಬುತ್ತಿದ್ದೆವು. ತೊಟ್ಟಿಯು ಸ್ಫಟಿಕದಂತೆ ಹೊಳೆಯುತ್ತಿದ್ದಿತು, ಬಂದವರೆಲ್ಲ ಹೊಗಳುತ್ತಿದ್ದರು. ಮೂರನೆಯ ಭಾನುವಾರ ಸಂಜೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿಬಾಯಿ ಬಿಡತೊಡಗಿದವು. ಹಸಿವೆಂದು ತಿಳಿದು ಇನ್ನೊಂದು ಚಿಟಿಕೆ ಆಹಾರವನ್ನು ಹಾಕಿದೆವು. ರಾತ್ರಿ ಹೇಮ ಸತ್ತಿತು, ಬೆಳಗಿನ ಜಾವ ಹಾಟಕ.

ಮಗು ಅತ್ತದ್ದನ್ನು ನೋಡಲಾರದೆ ಅಂದೇ ಪೇಟೆಗೆ ಹೋಗಿ ಮತ್ತೆರಡನ್ನು ತಂದು ಅದೇ ಗಳಿಗೆಯಲ್ಲಿ ತೊಟ್ಟಿಗೆ ಬಿಟ್ಟೆವು. ರುಕ್ಮ ಮತ್ತು ಜಾಂಬೂನದ. ಅಮರಕೋಶದಲ್ಲಿ ಚಿನ್ನಕ್ಕೆ ಹೆಸರುಗಳ ಕೊರತೆಯಿಲ್ಲ. ಕೊರತೆಯಾದದ್ದು ಮೀನುಗಳ ಆಯುಸ್ಸಿಗೆ. ಐದಾರು ದಿನಗಳಲ್ಲಿ ಹೊಸಬರ ರೆಕ್ಕೆಗಳ ಮೇಲೆ ಉಪ್ಪಿನ ಹರಳನ್ನು ಉದುರಿಸಿದಂತೆ ಬಿಳಿಯ ಚುಕ್ಕೆಗಳು ಎದ್ದವು. ಅವು ಕಲ್ಲಿಗೆ ಮೈಯುಜ್ಜುವುದು, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆಯಲ್ಲಿ ಕುಳಿತುಬಿಡುವುದು ಮೊದಲಾಯಿತು. ಅಂಗಡಿಯವನು ಕೊಟ್ಟ ನೀಲಿಯ ಔಷಧಿಯನ್ನು ಹನಿಗಳ ಲೆಕ್ಕವನ್ನೂ ಮೀರಿ ಸುರಿದೆವು. ರುಕ್ಮ, ಜಾಂಬೂನದ, ಅವುಗಳ ಹಿಂದೆಯೇ ಕನಕ. ಉಳಿದದ್ದು ಕಾಂಚನ ಒಂದೇ, ಅದರ ಬಾಲದಲ್ಲಿಯೂ ಚುಕ್ಕೆಗಳು ಕಾಣಿಸಿಕೊಂಡಿದ್ದವು.

ಆಗ ನಮ್ಮ ಮನೆಯವರು, “ನಮ್ಮ ಕೈಯಲ್ಲಿ ಇದು ಉಳಿಯುವುದಿಲ್ಲ. ಶೃಂಗೇರಿಯ ತುಂಗೆಯಲ್ಲಿ ಬಿಟ್ಟುಬಂದರೆ ದೇವರ ಮೀನುಗಳ ಜೊತೆ ಬದುಕಿಕೊಂಡೀತು, ಪುಣ್ಯವೂ ಬಂದೀತು” ಎಂದರು. ನಮಗೂ ಅದು ಧರ್ಮಸಮ್ಮತವಾಗಿಯೇ ತೋರಿತು. ಮಗುವು ಬಹಳ ಹೊತ್ತು ಯೋಚಿಸಿ, ದೊಡ್ಡ ಮೀನುಗಳು ಇದನ್ನು ನೋಡಿಕೊಳ್ಳುವುವೆಂದು ಅಜ್ಜಿಯಿಂದ ಮಾತು ತೆಗೆದುಕೊಂಡು ಒಪ್ಪಿದಳು.

ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ದಾರಿ ಎಂದರೆ ತುಂಗೆಗೆ ಎದುರಾಗಿ ನಡೆಯುವ ದಾರಿ. ನದಿಯು ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು, ನಮ್ಮ ಊರನ್ನು ಬಳಸಿ, ಕೂಡಲಿಯಲ್ಲಿ ಭದ್ರೆಯನ್ನು ಸೇರುವುದಷ್ಟೆ. ನಾವು ಅದರ ಮೂಲದ ಕಡೆಗೆ ಹೋಗುತ್ತೇವೆ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನಲ್ಲಿ ಹಿನ್ನೀರಿಗಿಳಿದು ಮೀಯುವ ಆನೆಗಳು, ಮಳೆಗಾಲದಲ್ಲಿ ಹಕ್ಕಿಗಳು ಗೂಡು ಕಟ್ಟುವ ಮಂಡಗದ್ದೆಯ ನಡುಗಡ್ಡೆ, ಇವೆಲ್ಲವೂ ಕಿಟಕಿಯ ಹೊರಗೆ ಸಾಗಿದವು. ಮಗುವು ಒಂದನ್ನೂ ನೋಡಲಿಲ್ಲ. ಬಕೀಟನ್ನು ಕಾಲುಗಳ ನಡುವೆ ಇಟ್ಟುಕೊಂಡು ಮುಚ್ಚಳದ ತೂತಿಗೆ ಕಣ್ಣಿಟ್ಟು ಕುಳಿತಿದ್ದಳು. ಬಸ್ಸು ತಿರುವುಗಳಲ್ಲಿ ಓಲಾಡಿದಂತೆಲ್ಲ ನೀರು ಕಲಕಿ ತುಳುಕುತ್ತಿದ್ದಿತು. “ಇದಕ್ಕೂ ಟಿಕೆಟು ಬೇಕಲ್ಲ, ಯಜಮಾನರೇ?” ಎಂದು ಕಂಡಕ್ಟರು ನಕ್ಕನು. ಕೊಪ್ಪವನ್ನು ದಾಟುವ ಹೊತ್ತಿಗೆ ಮಗು, “ಅಜ್ಜ, ಕಾಂಚನ ರೆಕ್ಕೆ ಬಿಚ್ಚಿದೆ!” ಎಂದು ಕೂಗಿದಳು. ಇಣುಕಿ ನೋಡಲಾಗಿ ನಿಜ. ಮನೆಯಲ್ಲಿ ಮೂಲೆ ಹಿಡಿದಿದ್ದ ಮೀನು ಮೆಲ್ಲನೆ ಸುತ್ತುತ್ತಿದ್ದಿತು. ಕ್ಷೇತ್ರವು ಸಮೀಪಿಸಿದ ಮಹಿಮೆಯೆಂದು ಮನೆಯವರು ಕೈಮುಗಿದರು.

ಶೃಂಗೇರಿಯಲ್ಲಿ ದೇವಿಯ ದರ್ಶನವನ್ನು ಮುಗಿಸಿ, ವಿದ್ಯಾಶಂಕರ ದೇವಾಲಯದ ರಾಶಿಕಂಬಗಳನ್ನು ಮಗುವಿಗೆ ತೋರಿಸಿ, ಹೊಳೆಯ ಮೆಟ್ಟಿಲುಗಳಿಗೆ ಇಳಿದೆವು. ಆ ಸ್ಥಳದ ಸೊಗಸನ್ನು ಎಷ್ಟು ಸಲ ಕಂಡರೂ ತೃಪ್ತಿಯಿಲ್ಲ. ಆಚೆಯ ದಡದಲ್ಲಿ ನರಸಿಂಹವನದ ದಟ್ಟವಾದ ಹಸುರು, ಈಚೆ ಕಲ್ಲಿನ ಸೋಪಾನ, ನಡುವೆ ನೆರಳು ಬೆಳಕುಗಳನ್ನು ಹೊತ್ತು ಸರಿಯುವ ನೀರು. ಆ ನೀರಿನಲ್ಲಿ ಮೊಳದುದ್ದ, ಅದಕ್ಕೂ ಉದ್ದದ ಮೀನುಗಳು ಮಂದೆಮಂದೆಯಾಗಿ ತಲೆಯನ್ನು ಹೊಳೆಯ ಮೇಲುಗಡೆಗೆ ಮಾಡಿಕೊಂಡು ನಿಂತಿರುತ್ತವೆ. ಯಾತ್ರಿಕರು ಮಂಡಕ್ಕಿಯನ್ನು ಎರಚಿದೊಡನೆ ನೀರೇ ಕುದಿದಂತಾಗಿ ಒಂದರ ಬೆನ್ನ ಮೇಲೊಂದು ಏಳುವುವು. ಇಲ್ಲಿ ಮೀನು ಹಿಡಿಯುವಂತಿಲ್ಲ. ಆದುದರಿಂದ ಅವಕ್ಕೆ ಮನುಷ್ಯರ ಭಯವಿಲ್ಲ. ಹತ್ತಿರದಲ್ಲಿಯೇ ಕಪ್ಪೆಶಂಕರನ ಶಿಲ್ಪವಿದೆ. ಬಿಸಿಲಿನಲ್ಲಿ ಹೆರಿಗೆಯ ನೋವು ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಕೊಟ್ಟದ್ದನ್ನು ಕಂಡು ಶಂಕರಾಚಾರ್ಯರು ಮಠಕ್ಕೆ ಈ ಸ್ಥಳವನ್ನು ಆರಿಸಿದರೆಂಬ ಐತಿಹ್ಯವನ್ನು ಮಗುವಿಗೆ ಹೇಳಿ, ಕೆಳಗಿನ ಮೆಟ್ಟಿಲಿನಲ್ಲಿ ಬಕೀಟಿನ ಮುಚ್ಚಳವನ್ನು ತೆಗೆದೆವು.

“ಮೇಷ್ಟ್ರೇ, ಸ್ವಲ್ಪ ತಡೆಯಿರಿ!”

ತಿರುಗಿ ನೋಡಿದರೆ ನಲವತ್ತರ ಪ್ರಾಯದ ಗೃಹಸ್ಥನೊಬ್ಬನು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬರುತ್ತಿದ್ದನು. ಅಧ್ಯಾಪಕರ ಬಾಳಿನಲ್ಲಿ ಧನಲಾಭವಿಲ್ಲದಿದ್ದರೂ ಈ ಒಂದು ಲಾಭವುಂಟು. ಯಾವ ಊರಿಗೆ ಹೋದರೂ ಒಬ್ಬ ಹಳೆಯ ಶಿಷ್ಯನು ಸಿಕ್ಕುತ್ತಾನೆ. ಇವನನ್ನು ರಾಮಶಬ್ದದ ಸಪ್ತಮೀ ವಿಭಕ್ತಿ ಬಾರದ್ದಕ್ಕೆ ಒಂದು ವಾರ ಬೆಂಚಿನ ಮೇಲೆ ನಿಲ್ಲಿಸಿದ್ದು ನಮಗೆ ನೆನಪಾಯಿತು. ಪುಣ್ಯಕ್ಕೆ ಅವನು ಅದನ್ನು ನೆನೆಯಲಿಲ್ಲ. ಮಂಗಳೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಮೀನುಗಾರಿಕೆಯ ಕಾಲೇಜಿನಲ್ಲಿ ಓದಿ, ಅದೇ ಇಲಾಖೆಯಲ್ಲಿ ಉದ್ಯೋಗದಲ್ಲಿರುವನಂತೆ. ನಮ್ಮ ಪಾದಗಳನ್ನು ಮುಟ್ಟಿ ನಮಸ್ಕರಿಸಿ, ಬಕೀಟಿನೊಳಗೆ ನೋಡಿ, ಮುಖ ಗಂಭೀರವಾಗಿ, “ಇದನ್ನು ಹೊಳೆಗೆ ಬಿಡಬಾರದು, ಮೇಷ್ಟ್ರೇ” ಎಂದನು.

ಪುಣ್ಯಕಾರ್ಯಕ್ಕೆ ಅಡ್ಡಿ ಬಂದದ್ದರಿಂದ ನಮಗೆ ಕೋಪವೇ ಬಂದಿತು. “ಏಕಪ್ಪಾ? ಇದೂ ಮೀನು, ಅವೂ ಮೀನು.”

“ಅದಕ್ಕಾಗಿಯೇ. ಆ ಮಹಶೀರ್ ಮೀನುಗಳಿಗೂ ಇದಕ್ಕೂ ಕುಲ ಒಂದೇ. ಇದರ ಮೈಮೇಲಿನ ರೋಗ ಅವಕ್ಕೂ ಹತ್ತುವಂಥದು.”

ಬಿಳಿಯ ಚುಕ್ಕೆಗಳು ಗುಳ್ಳೆಗಳಲ್ಲ, ಮೀನಿನ ಚರ್ಮದ ಒಳಗೆ ಹೊಕ್ಕು ಅದನ್ನು ತಿನ್ನುವ ಒಂದು ಸೂಕ್ಷ್ಮಜೀವಿ ಎಂದು ಅವನು ವಿವರಿಸಿದನು. ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಸ್ ಎಂದು ಅದರ ಹೆಸರು. ಮೊದಲ ಪದಕ್ಕೆ ಗ್ರೀಕಿನಲ್ಲಿ ಮೀನಿನ ಹೇನೆಂದೂ, ಎರಡನೆಯದಕ್ಕೆ ಲ್ಯಾಟಿನ್ನಿನಲ್ಲಿ ಬಹುಸಂತಾನವುಳ್ಳದ್ದೆಂದೂ ಅರ್ಥವಂತೆ. ಹೆಸರಿಟ್ಟವನು ನಿರುಕ್ತವನ್ನು ಬಲ್ಲವನೇ ಸರಿ! ಬಲಿತ ಜೀವಿಯು ಮೀನನ್ನು ಬಿಟ್ಟು ತಳಕ್ಕೆ ಬಿದ್ದು, ಕವಚವನ್ನು ಕಟ್ಟಿಕೊಂಡು, ಒಂದು ನೂರಾರಾಗಿ ಒಡೆಯುತ್ತದೆ; ಆ ಮರಿಗಳು ನೀರಿನಲ್ಲಿ ಈಜಿ, ಎರಡು ದಿನಗಳೊಳಗಾಗಿ ಇನ್ನೊಂದು ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಚರ್ಮದೊಳಗೆ ಇರುವಾಗ ಔಷಧಿಯು ಅದಕ್ಕೆ ತಾಗದು. ಈಜುವ ಆ ಎರಡು ದಿನಗಳೇ ಅದನ್ನು ಕೊಲ್ಲಲು ಸಮಯ.

“ರೋಗವಿಲ್ಲದಿದ್ದರೂ ಬಿಡಬಾರದು” ಎಂದು ಮುಂದುವರಿಸಿದನು. “ಈ ಇಬ್ಬಾಲದ ಮೀನು ವೇಗವಾಗಿ ಈಜಲಾರದು, ದೊಡ್ಡ ಮೀನಿಗೋ ಹಕ್ಕಿಗೋ ತುತ್ತಾಗುತ್ತದೆ. ಬದುಕಿಕೊಂಡು ವಂಶ ಬೆಳೆಸಿದರೆ ಇನ್ನೂ ಕಷ್ಟ. ಆಸ್ಟ್ರೇಲಿಯಾದಲ್ಲಿ ವಾಸ್ ಎಂಬ ಹೊಳೆಯಿದೆ. ಮನೆಗಳಲ್ಲಿ ಬೇಡವಾದ ಚಿನ್ನದ ಮೀನುಗಳನ್ನು ಅದಕ್ಕೆ ಬಿಟ್ಟರು. ಕೆಲವು ಎರಡು ಕಿಲೋಗ್ರಾಮಿನ ಸಮೀಪಕ್ಕೆ ಬೆಳೆದವು. ಕೆಸರನ್ನು ಕೆದಕಿ, ಅಲ್ಲಿಯ ಮೀನುಗಳ ಆಹಾರವನ್ನು ಕಸಿದುಕೊಂಡವು. ಒಂದರ ಮೈಗೆ ಗುರುತಿನ ಯಂತ್ರ ಕಟ್ಟಿ ನೋಡಿದರೆ ವರ್ಷದಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ಓಡಾಡಿತ್ತು.” ಸ್ವಲ್ಪ ತಡೆದು, “ದೇವರ ಮೀನೆಂದು ಕಾಪಾಡಿದ ಕಡೆಯಲ್ಲೂ ಅನಾಹುತವಾಗದೆ ಇಲ್ಲ. ಶಿಶಿಲದ ಕಪಿಲಾ ಹೊಳೆಯಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದರು. ಊರವರು ಅವಕ್ಕೆ ಸ್ಮಾರಕ ಕಟ್ಟಿದ್ದಾರೆ. ಅವರು ಹಾಕಿದ್ದು ದ್ವೇಷದಿಂದ. ನೀವು ಹಾಕಹೊರಟದ್ದು ದಯೆಯಿಂದ. ಹೊಳೆಗೆ ಆ ಭೇದ ಗೊತ್ತಾಗುವುದಿಲ್ಲ, ಮೇಷ್ಟ್ರೇ” ಎಂದನು.

ನಾವು ಬಕೀಟಿನ ಮುಚ್ಚಳವನ್ನು ಮತ್ತೆ ಹಾಕಿದೆವು.

ಸೋಪಾನದ ಮೇಲೆ ಕುಳಿತು ಅವನು ನಮ್ಮ ಮನೆಯ ತೊಟ್ಟಿಯ ವೃತ್ತಾಂತವನ್ನೆಲ್ಲ ಕೇಳಿದನು. ಒಂದೊಂದು ಪ್ರಶ್ನೆಗೆ ಉತ್ತರ ಹೇಳುವಾಗಲೂ ನಮಗೆ ಬೆಂಚಿನ ಮೇಲೆ ನಿಂತ ಅನುಭವವಾಗುತ್ತಿದ್ದಿತು. ತೊಟ್ಟಿ ಎಷ್ಟು ದೊಡ್ಡದು? ನೀರು ಎಲ್ಲಿಯದು? ಎಷ್ಟು ದಿನಕ್ಕೊಮ್ಮೆ ಬದಲಾಯಿಸುವಿರಿ? ಸ್ಪಂಜನ್ನು ಯಾವುದರಲ್ಲಿ ತೊಳೆಯುವಿರಿ? ಕೊನೆಗೆ ಅವನು ಹೇಳಿದ್ದರ ಸಾರ ಇಷ್ಟು. ನಮ್ಮ ಊರಿನ ನಲ್ಲಿಯಲ್ಲಿ ಬರುವುದೂ ಇದೇ ತುಂಗೆಯ ನೀರು. ಆದರೆ ನಮಗೆ ವಾಂತಿಭೇದಿಗಳು ತಾಗದಿರಲೆಂದು ಅದಕ್ಕೆ ಕ್ಲೋರಿನ್ ಸೇರಿಸಿರುತ್ತಾರೆ. ನಮ್ಮನ್ನು ರಕ್ಷಿಸುವ ಆ ವಸ್ತುವೇ ಮೀನಿನ ಕಿವಿರುಗಳನ್ನು ಸುಡುತ್ತದೆ. ತೆರೆದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ ಅದು ಆರಿಹೋಗುವುದು. ಇನ್ನು ಮೀನು ಉಸಿರಾಡುವಾಗಲೂ ಮಲ ವಿಸರ್ಜಿಸುವಾಗಲೂ ಅಮೋನಿಯಾ ಎಂಬ ವಿಷವು ನೀರಿಗೆ ಸೇರುತ್ತದೆ, ಅದಕ್ಕೆ ಬಣ್ಣವಿಲ್ಲ. ಹೊಳೆಯಲ್ಲಾದರೆ ಪ್ರವಾಹವು ಒಯ್ಯುತ್ತದೆ. ತೊಟ್ಟಿಯಲ್ಲಿ ಅದನ್ನು ತಿಂದು ನಿರಪಾಯ ಮಾಡುವವು ಮರಳಿಗೂ ಸ್ಪಂಜಿಗೂ ಅಂಟಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳು. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕಾರು ವಾರಗಳು ಬೇಕು. ನಾವೋ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಅವುಗಳನ್ನು ನಿರ್ಮೂಲ ಮಾಡುತ್ತಿದ್ದೆವು. ಅಳಿದುಳಿದವನ್ನು ನೀಲಿಯ ಔಷಧಿಯು ಮುಗಿಸಿರಬೇಕು. ಹೊಸ ಮೀನುಗಳನ್ನು ಎರಡು ಮೂರು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡದೆ ಸೇರಿಸಿದ್ದು ರೋಗವನ್ನು ಕೈಹಿಡಿದು ಒಳಗೆ ಕರೆತಂದಂತೆ ಆಯಿತು.

“ಹಾಗಾದರೆ ಬಸ್ಸಿನಲ್ಲಿ ಇದಕ್ಕೆ ಜೀವ ಬಂದದ್ದು?” ಎಂದು ಮನೆಯವರು ಕೇಳಿದರು.

“ಬಸ್ಸು ಕುಲುಕಿದ್ದರಿಂದ ನೀರಿಗೆ ಗಾಳಿ ಬೆರೆತಿದೆ, ಅಮ್ಮ. ನಮ್ಮ ಘಟ್ಟದ ರಸ್ತೆಯ ಮಹಿಮೆ” ಎಂದು ಅವನು ನಕ್ಕನು.

ಅಮರಸಿಂಹನು ನೀರಿನ ನಾಮಗಳಲ್ಲಿ ಜೀವನ ಎಂಬುದನ್ನೂ ಹೇಳಿದ್ದಾನೆ. ನಲವತ್ತು ವರ್ಷ ಮಕ್ಕಳಿಂದ ಅದನ್ನು ಒಪ್ಪಿಸಿಕೊಂಡಿದ್ದೇವೆ. ಅದು ಬರಿಯ ಪರ್ಯಾಯಪದವಲ್ಲವೆಂದು ಆ ಮೆಟ್ಟಿಲಿನಲ್ಲಿ ಕುಳಿತಾಗ ಹೊಳೆಯಿತು. ಎದುರಿಗೆ ತುಂಗೆ ನಮ್ಮ ತೊಟ್ಟಿಯಷ್ಟು ತಿಳಿಯಾಗಿರಲಿಲ್ಲ; ಎಲೆ, ಪಾಚಿ, ಹೂವಿನ ಎಸಳುಗಳು ತೇಲುತ್ತಿದ್ದವು. ಮೀನುಗಳು ಅದರಲ್ಲಿ ಪುಷ್ಟವಾಗಿದ್ದವು.

ಹಿಂದಿರುಗುವಾಗ ಬಸ್ಸಿನಲ್ಲಿ ಮಗು ಬಹಳ ಹೊತ್ತು ಮಾತನಾಡಲಿಲ್ಲ. ತೀರ್ಥಹಳ್ಳಿ ದಾಟಿದ ಮೇಲೆ ಮೆಲ್ಲನೆ, “ಅಜ್ಜ, ಹಾಗಾದರೆ ಆ ಐದನ್ನೂ ಕೊಂದದ್ದು ನಾವೇನಾ?” ಎಂದಳು. ಆಯುಸ್ಸು ಮುಗಿದಿತ್ತು, ವಿಧಿ ಇತ್ಯಾದಿ ಉತ್ತರಗಳು ನಾಲಗೆಯ ತುದಿಗೆ ಬಂದವು. ಮನೆಯವರು ಅವುಗಳಲ್ಲೊಂದನ್ನು ಹೇಳೆಂದು ಕಣ್ಣಿನಲ್ಲಿಯೇ ಸೂಚಿಸಿದರು. ನಾವು, “ಹೌದಮ್ಮ, ನೀನಲ್ಲ, ನಾನು. ತಿಳಿಯದೆ ಮಾಡಿದೆ” ಎಂದೆವು. ಅವಳು ಅಳಲಿಲ್ಲ. ಬಕೀಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಊರು ಬರುವವರೆಗೂ ಆಗಾಗ ಕುಲುಕುತ್ತಿದ್ದಳು.

ಮನೆಗೆ ಬಂದವರೇ ಶಿಷ್ಯನು ಹೇಳಿದ ಚಿಕಿತ್ಸೆಯನ್ನು ಪ್ರಾರಂಭಿಸಿದೆವು. ಮೊದಲು ತೊಟ್ಟಿಯ ನೀರನ್ನು ಅಳೆದದ್ದು: ಇಪ್ಪತ್ತೈದು ಲೀಟರು. ನಾಲ್ಕು ಮೀನುಗಳಿಗಿರಲಿ, ಒಂದಕ್ಕೇ ಸಾಲದು. ಇವು ಬೆಳೆದರೆ ಗೇಣುದ್ದವಾಗುವ ಮೀನುಗಳು. ನೀಲಿಯ ಔಷಧಿಯನ್ನು ಚರಂಡಿಗೆ ಚೆಲ್ಲದೆ ಬಿಗಿದು ಎತ್ತಿಟ್ಟೆವು. ಔಷಧವೆಂದರೆ ಅಡಿಗೆಮನೆಯ ಕಲ್ಲುಪ್ಪು ಮಾತ್ರ. ಲೀಟರಿಗೆ ಮೂರು ಗ್ರಾಮಿನಂತೆ ಎಪ್ಪತ್ತೈದು ಗ್ರಾಮು. ಅದನ್ನೂ ಒಂದೇ ಸಲಕ್ಕೆ ಹಾಕಬಾರದು, ಮೂರು ದಿನಗಳಲ್ಲಿ ಇಪ್ಪತ್ತೈದು ಇಪ್ಪತ್ತೈದಾಗಿ ನೀರಿನಲ್ಲಿ ಕರಗಿಸಿ ಹಾಕಬೇಕು. ತೊಟ್ಟಿಯಲ್ಲಿ ಗಿಡವಿದ್ದರೆ ಮೊದಲು ತೆಗೆದಿಡಬೇಕು, ಉಪ್ಪನ್ನು ಅವು ತಾಳವು. ಸಾರಿಗೆ ಉಪ್ಪನ್ನು ಎಂದೂ ಅಳೆಯದ ನಮ್ಮ ಮನೆಯವರು ತಕ್ಕಡಿಯನ್ನು ತಂದು ಹರಳು ಹರಳಾಗಿ ತೂಗಿದರು. ಪ್ರತಿದಿನವೂ ಕೊಳವೆಯಿಂದ ತಳದ ಕಸದೊಡನೆ ಕಾಲುಭಾಗ ನೀರನ್ನು ತೆಗೆದು, ಹಿಂದಿನ ದಿನವೇ ಹಿಡಿದಿಟ್ಟ ನೀರನ್ನು ತುಂಬುವುದು. ತೆಗೆದಷ್ಟು ನೀರಿನ ಲೆಕ್ಕಕ್ಕೆ ಮಾತ್ರ ಹೊಸ ಉಪ್ಪು. ಆವಿಯಾಗಿ ಹೋದ ನೀರು ಉಪ್ಪನ್ನು ಒಯ್ಯುವುದಿಲ್ಲವಾದ್ದರಿಂದ ಅದಕ್ಕೆ ಬರಿಯ ನೀರು ಸಾಕು. ಸ್ಪಂಜನ್ನು ತೊಳೆಯಬೇಕಾದರೆ ತೊಟ್ಟಿಯಿಂದ ತೆಗೆದ ಆ ಕೊಳೆಯ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ಕೊಳೆಯಲ್ಲಿ ಕೊಳೆಯನ್ನು ತೊಳೆಯುವುದೆಂದರೆ ನಮ್ಮ ಕೈ ಎರಡು ದಿನ ಹಿಂಜರಿಯಿತು.

ಆಹಾರದ ವಿಷಯದಲ್ಲಿಯೂ ನಾವು ತಪ್ಪಿದ್ದೆವು. ಈ ಕುಲದ ಮೀನುಗಳಿಗೆ ಜಠರವೇ ಇಲ್ಲವಂತೆ. ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಎಷ್ಟು ಹಾಕಿದರೂ ತಿನ್ನುತ್ತಲೇ ಇರುವುವು. ಎರಡು ದಿನ ಉಪವಾಸ, ಆಮೇಲೆ ದಿನಕ್ಕೊಮ್ಮೆ, ನೀರಿನಲ್ಲಿ ನೆನೆಸಿದ ನಾಲ್ಕು ಕಾಳು. ನಮ್ಮಲ್ಲಿ ಜ್ವರ ಬಂದವರಿಗೆ ಲಂಘನ ಹೇಳುವ ಪದ್ಧತಿ ಇಲ್ಲಿಯೂ ಹೊಂದುತ್ತದೆಂದು ಸಂತೋಷಪಟ್ಟೆವು. ಪಂಡಿತರ ಚಪಲದಿಂದ ಸೋಮೇಶ್ವರನ ಮಾನಸೋಲ್ಲಾಸವನ್ನೂ ತೆರೆದು ನೋಡಿದೆವು. ಕಲ್ಯಾಣದ ಆ ಚಾಲುಕ್ಯರಾಜನು ಹನ್ನೆರಡನೆಯ ಶತಮಾನದಲ್ಲಿ ಯಾವ ಮೀನಿಗೆ ಯಾವ ಆಹಾರವೆಂದು ವಿಸ್ತರಿಸಿ ಬರೆದಿದ್ದಾನೆ. ಆದರೆ ಅದು ಗಾಳ ಹಾಕಿ ಹಿಡಿಯುವ ವಿನೋದಕ್ಕಾಗಿ. ಪುಸ್ತಕವನ್ನು ಮುಚ್ಚಿಟ್ಟೆವು.

ನಾಲ್ಕನೆಯ ದಿನ ಚುಕ್ಕೆಗಳು ಕಡಮೆಯಾಗುವುದರ ಬದಲು ಹೆಚ್ಚಾದವು. ಮೊಮ್ಮಗಳ ಮುಖವನ್ನು ನೋಡಲಾರದೆ ಶಿಷ್ಯನಿಗೆ ಫೋನು ಮಾಡಿದೆವು. ಮೊದಲೇ ಚರ್ಮದೊಳಗೆ ಹೊಕ್ಕವು ಈಗ ಬಲಿತು ಕಾಣುತ್ತಿವೆ, ಹೆದರಬೇಡಿ, ಉಪ್ಪನ್ನು ನಿಲ್ಲಿಸಬೇಡಿ, ಎಂದನು. ಎಂಟನೆಯ ದಿನ ಮೈ ತೆರವಾಯಿತು. ಹತ್ತನೆಯ ದಿನ ಒಂದು ಚುಕ್ಕೆಯೂ ಇರಲಿಲ್ಲ. ಆದರೂ ಅವನ ಮಾತಿನಂತೆ ಇನ್ನೆರಡು ವಾರ ಉಪ್ಪಿನ ನೀರಿನಲ್ಲಿಯೇ ಇಟ್ಟು, ಅನಂತರ ನೀರು ಬದಲಾಯಿಸುತ್ತ ಬದಲಾಯಿಸುತ್ತ ಉಪ್ಪನ್ನು ಇಳಿಸಿದೆವು. ಬಾಲದ ಒಂದು ಅಂಚು ಹರಿದದ್ದು ಇನ್ನೂ ಪೂರ್ತಿ ಬೆಳೆದಿಲ್ಲ.

ಈಗ ಎರಡಡಿ ಉದ್ದದ ತೊಟ್ಟಿ ಬಂದಿದೆ. ಹಳೆಯ ಮರಳನ್ನೂ ಸ್ಪಂಜನ್ನೂ ತೊಳೆಯದೆಯೇ ಅದಕ್ಕೆ ಹಾಕಿದ್ದೇವೆ. ಗಾಜಿನ ಒಂದು ಮೂಲೆಯಲ್ಲಿ ಪಾಚಿ ಹಿಡಿದಿದೆ; ನಮ್ಮ ಕೈ ಅತ್ತ ಹೋದಾಗಲೆಲ್ಲ ಮೊಮ್ಮಗಳು, “ಅಜ್ಜ!” ಎಂದು ಗದರಿಸುತ್ತಾಳೆ. ಕಾಂಚನಕ್ಕೆ ಜೊತೆ ಬೇಕೆಂದು ಅವಳ ಹಠ. ಹೊಸದನ್ನು ಮೂರು ವಾರ ಬೇರೆಯಾಗಿಟ್ಟು ನೋಡಲು ಶೃಂಗೇರಿಗೆ ಹೋದ ಆ ಬಕೀಟೇ ಆಗಬಹುದೆಂದು ಅವಳೇ ಸೂಚಿಸಿದ್ದಾಳೆ. ಅಷ್ಟು ಸಣ್ಣದು ಸಾಲದೆಂದು ನಾವು ವಾದಿಸುತ್ತಿದ್ದೇವೆ. ಹೆಸರು ಮಾತ್ರ ಆಗಲೇ ನಿಶ್ಚಯವಾಗಿದೆ: ಚಾಮೀಕರ.

ಅಂಗಳದ ತುಳಸಿಕಟ್ಟೆಯ ಪಕ್ಕದಲ್ಲಿ ಪ್ರತಿ ಸಂಜೆಯೂ ನಲ್ಲಿಯ ನೀರು ತುಂಬಿದ ಒಂದು ತೆರೆದ ಕೊಳಗವಿರುತ್ತದೆ. ಹಾಲಿನವನು ಅದರಲ್ಲಿ ಕೈ ತೊಳೆಯಲು ಹೋದರೆ ನಮ್ಮ ಮನೆಯವರು ಒಳಗಿನಿಂದಲೇ ಕೂಗಿ ಹೇಳುತ್ತಾರೆ, ಅದನ್ನು ಮುಟ್ಟಬೇಡ, ಅದು ನಾಳೆಯ ನೀರು.